ಮೇಷ್ಟ್ರ ಬಾಗಿಲು

ಹೊಳೆದಂಡೆಯಲ್ಲಿ ಒಂದು ವೃದ್ಧಾಶ್ರಮವಿತ್ತು. ಬೆಳಗಿನ ಮಂಜಿನಲ್ಲಿ ಅದು ನೀರಿನ ಮೇಲೆ ತೇಲುವಂತೆ ಕಾಣುತ್ತಿತ್ತು. ಅಲ್ಲಿ ಹಿರಿಯರ ಆರೈಕೆ ಕಲಿಸುತ್ತಿದ್ದವರು ರೆಬೆಕ್ಕಮ್ಮ. ನರ್ಸಾಗಲು ಬಂದವಳು ಇಂದುಮತಿ.

ಮೊದಲ ದಿನ ರೆಬೆಕ್ಕಮ್ಮ ಕಲಿಸಿದ್ದು ಇಷ್ಟೇ: "ಬಾಗಿಲು ತಟ್ಟು. 'ಬಾ' ಅನ್ನುವ ತನಕ ಹೊಸಿಲು ದಾಟಬೇಡ."

ಒಂದು ಬೆಳಿಗ್ಗೆ ಇಂದುಮತಿ ಖಾಲಿ ಬಾಟಲಿ ಹಿಡಿದು ಬಂದಳು. ಮುಖದಲ್ಲಿ ಗೆದ್ದ ಕಳೆ.

"ಅಮ್ಮಾ, ತಿಪ್ಪಣ್ಣ ಮೇಷ್ಟ್ರು ಹಾಸಿಗೆ ಕೆಳಗೆ ಬ್ರಾಂದಿ ಬಚ್ಚಿಟ್ಟಿದ್ರು. ನಿನ್ನೆ ಅವರು ಸ್ನಾನಕ್ಕೆ ಹೋದಾಗ ಎಲ್ಲಾ ಹೊಳೆಗೆ ಸುರಿದೆ."

"ಈಗ ಹೇಗಿದ್ದಾರೆ?"

"ಕೈ ನಡುಗ್ತಿದೆ. ಗೋಡೆ ಮೇಲೆ ಮೀನು ಈಜ್ತಿವೆ ಅಂತಾರೆ. ಕುಡಿತ ಬಿಡುವಾಗ ಹಾಗೇ ಅಲ್ವಾ?"

ರೆಬೆಕ್ಕಮ್ಮ ಥಟ್ಟನೆ ಎದ್ದರು. "ವರ್ಷಗಟ್ಟಲೆ ಕುಡಿದ ಮೈ. ಒಮ್ಮೆಲೇ ನಿಂತರೆ ಜೀವವೇ ಹೋಗಬಹುದು. ಡಾಕ್ಟರನ್ನು ಕರಿ. ಓಡು."

ಡಾಕ್ಟರು ಬಂದರು. ಕೆಲವು ದಿನಗಳಲ್ಲಿ ಮೀನುಗಳು ಗೋಡೆ ಬಿಟ್ಟು ಹೋದವು. ಮೇಷ್ಟ್ರು ಉಳಿದರು. ಆದರೆ ಇಂದುಮತಿ ಬಾಗಿಲು ತಟ್ಟಿದರೆ ಒಳಗಿನಿಂದ ದನಿಯೇ ಇಲ್ಲ. ಅವಳ ಕೈಯ ಗಂಜಿಯನ್ನೂ ಅವರು ಮುಟ್ಟಲಿಲ್ಲ.

"ಒಳ್ಳೇದಕ್ಕೇ ಮಾಡಿದ್ದಲ್ವಾ ಅಮ್ಮಾ?"

ರೆಬೆಕ್ಕಮ್ಮ ಆ ಖಾಲಿ ಬಾಟಲಿಯನ್ನು ಅವಳ ಕೈಗಿಟ್ಟರು. "ಇದು ಯಾರದ್ದು?"

"ಮೇಷ್ಟ್ರದ್ದು."

"ಕೊಟ್ಟು ಬಾ."

ಇಂದುಮತಿ ಬಾಗಿಲು ತಟ್ಟಿ ಹೊಸಿಲ ಹೊರಗೇ ಕೂತಳು. "ಮೇಷ್ಟ್ರೇ, ಕೇಳದೆ ಒಳಗೆ ಬಂದಿದ್ದೆ. ತಪ್ಪಾಯ್ತು."

ಹೊಳೆಯ ಮಂಜು ಅಂಗಳಕ್ಕೆ ಬಂತು, ಅವಳ ಪಾದ ಮುಚ್ಚಿತು, ಕರಗಿತು.

"ಇನ್ನೂ ಅಲ್ಲೇ ಇದ್ದೀಯೇನೇ?"

"ಹೂಂ."

"ಬಾ."

ಮೇಷ್ಟ್ರು ಬಾಟಲಿಯನ್ನು ಬೆಳಕಿಗೆ ಹಿಡಿದರು. "ತುಂಬಿದ್ದು ಒಯ್ದು ಖಾಲಿ ತಂದಿದ್ದೀ. ಒಳ್ಳೆ ವ್ಯಾಪಾರ."

ಅವಳು ತಲೆ ತಗ್ಗಿಸಿದಳು. "ಯಾವ ಹೊತ್ತಲ್ಲಿ ಬೇಕು ಅನಿಸುತ್ತೆ ಮೇಷ್ಟ್ರೇ?"

ಅದುವರೆಗೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ.

"ಸಂಜೆ. ಆಚೆ ದಡದಲ್ಲಿ ಶಾಲೆ ಗಂಟೆ ಹೊಡೀತದೆ. ಮಕ್ಕಳೆಲ್ಲ ಹೋಗಿಬಿಡ್ತಾರೆ. ನಾನೊಬ್ಬನೇ ಉಳೀತೀನಿ."

ಆಚೆ ದಡದಲ್ಲಿ ಶಾಲೆ ಇರಲಿಲ್ಲ. ಇಂದುಮತಿ ಹಾಗೆನ್ನಲಿಲ್ಲ.

"ಆ ಹೊತ್ತಿಗೆ ನಾನು ಬರಲಾ?"

"ಬಾ."

ಅಂದಿನಿಂದ ಸಂಜೆ ಗಂಟೆಯನ್ನು ಇಬ್ಬರೂ ಕೂತು ಕೇಳಿದರು. ಒಂದು ಸಂಜೆ ಅವಳು ರೆಬೆಕ್ಕಮ್ಮನ ಬಾಗಿಲಿಗೆ ಓಡಿ ಬಂದು ತಟ್ಟಿದಳು.

"ಅಮ್ಮಾ, ಟ್ರಂಕಿನಲ್ಲಿ ಇನ್ನೊಂದು ಬಾಟಲಿ ಇದೆ. ಮೇಷ್ಟ್ರೇ ತೆಗೆದು ತೋರಿಸಿದರು. ಅದನ್ನ ಏನು ಮಾಡಲಿ?"

ರೆಬೆಕ್ಕಮ್ಮ ಒಳಗಿನಿಂದಲೇ ಕೇಳಿದರು:

"ಬಾಟಲಿ ಅವರದ್ದು. ನನ್ನ ಬಾಗಿಲು ಯಾಕೆ ತಟ್ತಿದ್ದೀಯ?"