ಕಣಜಾಪುರದ ಮಂಡಿಯ ಧೂಳು

"ಕೇಳಿರಿ, ಕೇಳಿರಿ! ಮಂಡಿಯ ನೆಲ ಶುಚಿ ಮಾಡಲು ತಕ್ಕ ಯಂತ್ರವನ್ನು ಆರಿಸಬಲ್ಲವರು ಅರಮನೆಗೆ ಬರಬಹುದು. ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ ಯಂತ್ರ ತೋರಿಸಿದವನಿಗೆ ಬೇಡಿದ್ದನ್ನು ಕೊಡುತ್ತಾರೆ. ತಪ್ಪಿದವನ ತಲೆ ಉಳಿಯುವುದಿಲ್ಲ!"

ಕಣಜಾಪುರದ ಬೀದಿಬೀದಿಯಲ್ಲೂ ಹೀಗೆ ಡಂಗುರ ಹೊಡೆಸಿದರು. ರಾಜರ ಕಾಲದಲ್ಲಿ ಯಂತ್ರವೆಲ್ಲಿತ್ತು ಎಂದು ಕೇಳಬೇಡಿ. ರಾಜರು ಯಾವ ಕಾಲದಲ್ಲಿ ಇರಲಿಲ್ಲ, ನೀವೇ ಹೇಳಿ. ಆ ಊರಿನ ಮಂಡಿ ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ನಿಂತವನಿಗೆ ಆ ತುದಿಯವನ ಮುಖ ಗೊತ್ತಾಗುತ್ತಿರಲಿಲ್ಲ. ನೆಲಕ್ಕೆಲ್ಲ ಕಾಂಕ್ರೀಟು. ದವಸ, ಬೆಲ್ಲ ಹೇರಿದ ಗಾಡಿಗಳು ಹಗಲೆಲ್ಲ ಅದರ ಮೇಲೆ ಓಡಾಡುತ್ತಿದ್ದವು. ಧೂಳು ಹಿಡಿದ ಬೆಲ್ಲ ಬೇಡವೆಂದು ಪರಸ್ಥಳದ ವ್ಯಾಪಾರಿಗಳು ಮುಖ ತಿರುಗಿಸಿದ ಮೇಲೆ ರಾಜರಿಗೆ ನೆಲದ ಚಿಂತೆ ಹತ್ತಿತು. ಅಲ್ಲಿಯವರೆಗೆ ಆ ಚಿಂತೆ ಇದ್ದದ್ದು ಗುಡಿಸುವ ಹೆಂಗಸರಿಗೆ ಮಾತ್ರ.

ಅರಮನೆಯ ಅಂಗಳದಲ್ಲಿ ನಾಲ್ಕು ಯಂತ್ರ ತಂದು ನಿಲ್ಲಿಸಿದ್ದರು. ಒಂದು ಆನೆಯಷ್ಟು ದೊಡ್ಡದು, ಅದಕ್ಕೆ ಉಕ್ಕಿನ ತಂತಿಯ ಬ್ರಷ್ಷು. ಇನ್ನೊಂದು ರಭಸದಿಂದ ನೀರು ಚಿಮ್ಮುತ್ತಿತ್ತು. ಮತ್ತೊಂದು ಗಾಳಿ ಊದಿ ಕಸವನ್ನು ಬಾಗಿಲಾಚೆ ಅಟ್ಟುತ್ತಿತ್ತು. ನಾಲ್ಕನೆಯದು ಎಮ್ಮೆಗರುವಿನಷ್ಟಿತ್ತು. ಮೂಲೆಯಲ್ಲಿ ನಿಂತಿದ್ದ ಅದನ್ನು ಯಾರೂ ತಿರುಗಿ ನೋಡಲಿಲ್ಲ.

ಮೊದಲು ಬಂದವನು ನೆರೆಸೀಮೆಯ ರಾಜಕುಮಾರ. ರಾಜರು ಕೇಳಿದರು: "ನನ್ನ ಮಂಡಿಯಲ್ಲಿ ಒಂದು ಬೆಳೆಯಿದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಬಾಗಿಲು ಮುಚ್ಚಿಟ್ಟರೂ ಬೆಳೆಯುತ್ತದೆ. ಗಟ್ಟಿ ಕುಡುಗೋಲು ಹಿಡಿದಷ್ಟೂ ಹೆಚ್ಚು ಬೆಳೆಯುತ್ತದೆ. ಏನದು?"

"ಕಳೆ," ಎಂದ ರಾಜಕುಮಾರ. ಕಾಂಕ್ರೀಟಿನಲ್ಲಿ ಕಳೆ! ತಲೆ ಹೋಯಿತು.

ಎರಡನೆಯವನು ಯಂತ್ರಗಳ ವ್ಯಾಪಾರಿ. "ಗಾಳಿ ಹೊತ್ತು ತರುವ ಧೂಳು," ಎಂದ. "ಬಾಗಿಲು ಮುಚ್ಚಿಟ್ಟರೂ ಎಂದೆನಲ್ಲ," ಎಂದರು ರಾಜರು. ಅವನ ತಲೆಯೂ ಹೋಯಿತು. ಮೂರನೆಯವರು ಆಸ್ಥಾನದ ಪಂಡಿತರು. ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ, "ಮನುಷ್ಯನ ಆಸೆ ಮಹಾಪ್ರಭು," ಎಂದರು. ಸಭೆ ಚಪ್ಪಾಳೆ ತಟ್ಟಿತು. ಪಂಡಿತರಿಗಿಂತ ಚಪ್ಪಾಳೆಯೇ ಸ್ವಲ್ಪ ಹೊತ್ತು ಹೆಚ್ಚು ಬದುಕಿತು.

ಮಂಡಿಯಲ್ಲಿ ಮೂಟೆ ಹೊರುವ ಜವರ ಈ ಸುದ್ದಿ ಕೇಳಿದಾಗ ಅವನ ತಾಯಿ ಚಿಕ್ಕತಾಯಮ್ಮ ಗೋಡೆಗೊರಗಿ ಕೆಮ್ಮುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಮಂಡಿ ಗುಡಿಸಿದವಳು ಅವಳು. ಜೊತೆಗೆ ಗುಡಿಸುತ್ತಿದ್ದವರಲ್ಲಿ ಎಷ್ಟೋ ಜನ ಹೀಗೆಯೇ ಕೆಮ್ಮಿ ಕೆಮ್ಮಿ ಸತ್ತಿದ್ದರು.

"ಬ್ಯಾಡ ಕಣೋ ಮಗ. ದೊಡ್ಡೋರ ಒಗಟು ನಮಗ್ಯಾಕೆ?"

"ನೀನು ಕೆಮ್ಮೋದು ಕೇಳ್ಕಂಡು ಕೂತಿರಕ್ಕಾಗಲ್ಲ ಕಣವ್ವ. ಧೂಳೇ ಏಳದಂಥ ಯಂತ್ರ ಬಂದ್ರೆ ನೀನು ಉಳೀತೀಯ," ಎಂದು ಜವರ ಹೊರಟೇಬಿಟ್ಟ.

ಅರಮನೆಯಲ್ಲಿ ಅದೇ ಮೊದಲ ಒಗಟಿಗೆ ಅವನು ತಡಮಾಡಲಿಲ್ಲ. "ನೆಲದ್ದೇ ಧೂಳು ಬುದ್ಧೀ. ಮೇಲ್ಮೈ ಸವೆದೈತೆ, ಗಾಡಿ ಓಡಿದಂಗೆಲ್ಲ ನೆಲನೇ ಹಿಟ್ಟಾಗಿ ಏಳ್ತದೆ. ತಂತಿ ಬ್ರಷ್ಷು ಹಾಕಿದ್ರೆ ಇನ್ನೂ ಕೆರೀತದೆ. ಆ ಆನೆಯಂಥದು ಬ್ಯಾಡ. ಅದು ಕಂಬಗಳ ಸಂದೀಲೂ ತೂರಲ್ಲ."

ರಾಜರು ಎರಡನೆಯದನ್ನು ಕೇಳಿದರು: "ಮನೆಗೆ ಬಂದವನು ಕೊಳೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಹೊರಡುವಾಗ ಅಲ್ಲೇ ಇಳಿಸಿ, ಯಾರ ಕಣ್ಣಿಗೂ ಬೀಳದೆ ಹೋಗುತ್ತಾನೆ. ಯಾರವನು?"

"ನೀರು. ಹುಯ್ದ ನೀರು ಬೆಲ್ಲದ ಅಂಟೆಲ್ಲ ಕರಗಿಸ್ಕತ್ತದೆ. ಅಲ್ಲೇ ಆರಿದ್ರೆ ಅಂಟೂ ಅಲ್ಲೇ. ಚಿಮ್ಮೋ ಯಂತ್ರ ಒಂದೇ ಸಾಲ್ದು, ಚೆಲ್ಲಿದ ನೀರನ್ನ ತಾನೇ ಹೀರ್ಕಳ್ಳೋದು ಬೇಕು."

ರಾಜರು ಮುಂದಕ್ಕೆ ಬಾಗಿದರು. "ಮಂಡಿಯ ಧೂಳೆಲ್ಲ ಬುಟ್ಟಿಗೆ ಬೀಳುವುದಿಲ್ಲ. ಗುಡಿಸುವವರು ದಿನವೂ ಒಂದಿಷ್ಟನ್ನು ಮನೆಗೆ ಒಯ್ಯುತ್ತಾರೆ. ಬಾಗಿಲಲ್ಲಿ ಕಾವಲುಗಾರ ತಡವಿ ನೋಡಿದರೂ ಸಿಗುವುದಿಲ್ಲ. ಎಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಾರೆ?"

ಉತ್ತರ ಜವರನಿಗೆ ತಕ್ಷಣ ಹೊಳೆಯಿತು. ಅವನು ತಲೆಯೆತ್ತಿ ರಾಜರ ಮುಖವನ್ನೇ ನೋಡಿದ.

"ಎದೆಯೊಳಗೆ," ಎಂದ. "ಅಲ್ಲ ಬುದ್ಧೀ, ಇದು ನಿಮಗೆ ಗೊತ್ತಿತ್ತಾ?"

"ರಾಜವೈದ್ಯರು ಹಿಂದೆಯೇ ಹೇಳಿದ್ದರು," ಎಂದರು ರಾಜರು. "ಒಗಟಿಗೆ ಚೆನ್ನಾಗಿ ಒದಗುತ್ತದೆ ಅನ್ನಿಸಿತು."

ಜವರ ಮೂಲೆಯ ಯಂತ್ರದ ಬಳಿ ಹೋಗಿ ಅದರ ಮೇಲೆ ಕೈಯಿಟ್ಟ. ಊದುವ ಯಂತ್ರ ಧೂಳನ್ನು ಎಬ್ಬಿಸುತ್ತದೆ, ಇದು ಎಳೆದುಕೊಂಡು ಚೀಲಕ್ಕೆ ತುಂಬುತ್ತದೆ. ಇದರ ಬ್ರಷ್ಷು ಮೆತ್ತಗಿದೆ. ತಾನು ಚೆಲ್ಲಿದ ನೀರನ್ನು ತಾನೇ ಹೀರುತ್ತದೆ. ಬ್ಯಾಟರಿಯಿಂದ ಓಡುವುದರಿಂದ ಹೊಗೆಯೂ ಇಲ್ಲ. ಇಷ್ಟನ್ನೂ ಅವನು ಬಿಡಿಸಿ ಹೇಳಿದ. ಮೊದಲು ನೆಲದ ಮೈ ಗಟ್ಟಿ ಮಾಡಿಸಿ, ಆಮೇಲೆ ಇದನ್ನು ಓಡಿಸಿ ಎಂದ.

"ಗೆದ್ದೆ. ಏನು ಬೇಕು ಕೇಳು," ಎಂದರು ರಾಜರು.

"ಇನ್ನು ಮ್ಯಾಲೆ ಮಂಡೀಲಿ ಯಾವ ಹೆಂಗ್ಸೂ ಪೊರಕೆ ಹಿಡೀಬಾರ್ದು."

"ಆಗಲಿ!" ಎಂದು ರಾಜರು ಆ ಕ್ಷಣವೇ ಒಪ್ಪಿದರು. ಕೊಡುವ ಕೈ ಅಷ್ಟು ಬೇಗ ಮುಂದೆ ಬಂದಾಗಲೇ ಅನುಮಾನ ಪಡಬೇಕಿತ್ತು. ಆದರೆ ಗೆದ್ದವನಿಗೆ ಅನುಮಾನ ಎಲ್ಲಿಂದ ಬರಬೇಕು? ಜವರನಿಗೆ ಶಾಲು ಹೊದಿಸಿ, ಯಂತ್ರ ಓಡಿಸುವ ಕೆಲಸವನ್ನೂ ಕೊಟ್ಟರು.

ನೆಲ ಗಟ್ಟಿ ಮಾಡಿಸಿ ಯಂತ್ರ ಹೂಡಿದ ದಿನ, ಗುಡಿಸಲು ಬಂದ ಹೆಂಗಸರನ್ನು ಕಾವಲುಗಾರ ಬಾಗಿಲಲ್ಲೇ ತಡೆದ. "ನೀವು ಪೊರಕೆ ಹಿಡಿಯಬಾರದು ಅಂತ ಅಪ್ಪಣೆಯಾಗಿದೆ. ಮನೆಗೆ ಹೋಗಿ." ಕೂಲಿಯ ಮಾತು ಅಪ್ಪಣೆಯಲ್ಲಿ ಇರಲಿಲ್ಲ. ಯಂತ್ರಕ್ಕೆ ಒಬ್ಬ ಆಳು ಸಾಕು. ಆ ಆಳು ಒಳಗೆ ಯಂತ್ರ ಓಡಿಸುತ್ತಿದ್ದ.

ಸಂಜೆ ಜವರ ಮನೆಗೆ ಬಂದಾಗ ಕೇರಿಯ ಹೆಂಗಸರೆಲ್ಲ ಜಗುಲಿಯ ಮೇಲೆ ಕೂತಿದ್ದರು. ಚಿಕ್ಕತಾಯಮ್ಮ ಕೆಮ್ಮು ನಿಲ್ಲಲೆಂದು ಕಾದು, ಆಮೇಲೆ ಬಾಯಿ ತೆರೆದಳು.

"ನನ್ನ ಉಳಿಸಾಕೆ ಹೋಗಿ ಕೇರಿನೆಲ್ಲ ಉಪಾಸ ಕೆಡವಿದೆಯಲ್ಲೋ ಮಗ. ಪೊರಕೆ ಬ್ಯಾಡ ಅಂತ ಕೇಳ್ದೋನು ಕೂಲಿ ಇರ್ಲಿ ಅಂತಲೂ ಕೇಳ್ಬಾರ್ದಿತ್ತಾ?"

ಜವರ ಮರುದಿನವೇ ಅರಮನೆಗೆ ಓಡಿದ. ಗೆದ್ದವನಿಗೆ ಒಂದೇ ಬಹುಮಾನ ಎಂದು ದ್ವಾರಪಾಲಕರು ಹಿಂದಕ್ಕೆ ಕಳುಹಿಸಿದರು. ಎದೆಗಿಳಿದ ಧೂಳನ್ನು ಎಳೆದುಕೊಳ್ಳುವ ಯಂತ್ರ ಆ ಅಂಗಳದಲ್ಲಿ ಇರಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಚಿಕ್ಕತಾಯಮ್ಮನೂ ಇರಲಿಲ್ಲ.

ಇಂಥ ಕತೆಗಳನ್ನು ಎಲ್ಲರೂ ಚೆನ್ನಾಗಿದ್ದರು ಎಂದು ಮುಗಿಸುವುದು ವಾಡಿಕೆ. ನಾನು ಸುಳ್ಳು ಹೇಳುವುದಿಲ್ಲ. ಕಣಜಾಪುರದಲ್ಲಿ ನೆಲ ಚೆನ್ನಾಗಿತ್ತು.