ಗಾಳಿಗೆ ನೆಗಡಿಯಾದಾಗ ಪುದೀನ ಮಾಡಿದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ತಾವು ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಆಗಷ್ಟೇ ಗೊತ್ತಾಗಿತ್ತು. ಆಗ ಭೂಮಿತಾಯಿ ಗಿಡಗಳನ್ನೆಲ್ಲ ಕರೆದು ಒಂದೊಂದು ಪಾಲು ಪರಿಮಳ ಹಂಚಿದಳು.

ಮಲ್ಲಿಗೆ ತನ್ನ ಪಾಲನ್ನು ಅವತ್ತು ಸಂಜೆಗೇ ಗಾಳಿಯ ಕೈಗೆ ಕೊಟ್ಟಿತು. ಸಂಪಿಗೆ, ಕೇಳುವ ಮೊದಲೇ ಕೊಟ್ಟಿತು. ಗಾಳಿ ಅದನ್ನೆಲ್ಲ ಊರಿಗೆ ಹಂಚಿ, ಬರುವಾಗ ಹೊಗಳಿಕೆ ಹೊತ್ತು ತಂದ.

ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕದ ಪುದೀನ ಮಾತ್ರ ಕೊಡಲಿಲ್ಲ. ತನ್ನ ಪರಿಮಳವನ್ನು ಎಣ್ಣೆ ಮಾಡಿ, ಎಲೆಯಡಿಯಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಕುಡಿಕೆಗಳಲ್ಲಿ ತುಂಬಿ, ಮುಚ್ಚಳ ಬಿಗಿದು ಕೂತಿತು.

"ಯಾಕೆ ಕೂಡಿಡ್ತೀಯೆ ತಾಯಿ, ಮಗಳ ಮದುವೆಗಾ?" ಎಂದಿತು ಮಲ್ಲಿಗೆ.

"ಬೇಕಾದಾಗ ಇರಲಿ ಅಂತ."

"ಜಿಪುಣಿ," ಎಂದ ಗಾಳಿ. ಅದನ್ನೂ ಊರೆಲ್ಲ ಹಂಚಿ ಬಂದ.

ಸುಗ್ಗಿ ಬಂತು. ಲೋಕದ ಮೊದಲ ಅಜ್ಜಿ ಕೆಂಪಜ್ಜಿ, ರಾಗಿ ಬಡಿದು ಕಣದಲ್ಲಿ ರಾಶಿ ಹಾಕಿದಳು. ಇನ್ನು ಮೊರದಲ್ಲಿ ಎತ್ತಿ ತೂರಬೇಕು. ಗಾಳಿ ಹೊಟ್ಟನ್ನು ಆಚೆ ಒಯ್ದರೆ ಕಾಳು ಕಾಲ ಬಳಿ ಬೀಳುತ್ತದೆ. ಅಜ್ಜಿ ಮೊರ ಎತ್ತಿ ಕಾದಳು. ಗಾಳಿ ಬರಲಿಲ್ಲ. ಆದದ್ದಾಗಲಿ ಎಂದು ತೂರಿದಳು. ಹೊಟ್ಟೂ ಕಾಳೂ ಒಟ್ಟಿಗೇ ಅವಳ ತಲೆಯ ಮೇಲೆ ಬಿದ್ದವು.

ಮೊಮ್ಮಕ್ಕಳು ಖಾಲಿ ತಟ್ಟೆ ಹಿಡಿದು ಕಣದ ಅಂಚಿಗೆ ಬಂದು ಕೂತವು.

ಅಜ್ಜಿ ಹುಡುಕುತ್ತ ಹೋದಳು. ಗಾಳಿ ಬೆಟ್ಟದ ಗವಿಯಲ್ಲಿ ಮಂಜು ಹೊದ್ದು ಮಲಗಿದ್ದ.

"ಏಳಪ್ಪಾ, ಮಕ್ಕಳು ಹಸಿದಿವೆ."

"ಬೂಗು ಕಟ್ಟಿದೆ ಅಜ್ಜೀ. ಉಸಿರೇ ಬರ್ತಿಲ್ಲ," ಎಂದ ಗಾಳಿ, ಕಟ್ಟಿದ ಮೂಗಿನಲ್ಲೇ.

"ಹೊತ್ತುಗೊತ್ತಿಲ್ಲದೆ ಕೆರೆ ಮೇಲೆ ಕುಣಿದರೆ ಇನ್ನೇನಾಗುತ್ತೆ," ಎಂದು ಬೈದು, ಅವನ ಮೂಗು ಬಿಡಿಸಲು ಒಂದಿಷ್ಟು ಪರಿಮಳ ಕೇಳಲು ಅಜ್ಜಿ ಮಲ್ಲಿಗೆಯ ಹತ್ತಿರ ಬಂದಳು.

"ಇದ್ದದ್ದನ್ನೆಲ್ಲ ಅವನೇ ಒಯ್ದನಲ್ಲ," ಎಂದಿತು ಮಲ್ಲಿಗೆ.

"ನನ್ನಲ್ಲಿ ಚೂರು ಉಳಿದಿದೆ," ಎಂದಿತು ಸಂಪಿಗೆ. "ಗವಿಯವರೆಗೆ ಹೊರುವವರು ಯಾರು? ಹೊರುವವನೇ ಮಲಗಿದ್ದಾನೆ."

ಕೊನೆಗೆ ಅಜ್ಜಿ ಕಾಲುವೆಯ ಪಕ್ಕ ಬಂದಳು. "ನನ್ನಲ್ಲಿ ಬೇಕಾದಷ್ಟಿದೆ," ಎಂದು ಪುದೀನ ಮುಚ್ಚಳ ತೆರೆಯಲು ನೋಡಿತು. ಬರಲಿಲ್ಲ. ಮತ್ತೆ ನೋಡಿತು. ಬರಲಿಲ್ಲ. ಜೋಪಾನದ ಭರದಲ್ಲಿ ತನಗೇ ತೆರೆಯಲಾಗದಷ್ಟು ಬಿಗಿದಿತ್ತು.

"ಕಿತ್ತು ಉಜ್ಜಿದರೆ ಒಡೆಯುತ್ತೆ," ಎಂದಳು ಅಜ್ಜಿ ಮೆಲ್ಲಗೆ. "ಆದರೆ ನೀನು ಉಳೀತೀಯೋ ಇಲ್ಲವೋ ನನಗೆ ಗೊತ್ತಿಲ್ಲಮ್ಮ."

ಪುದೀನ ಆಚೆ ಕಣದ ಅಂಚಿನಲ್ಲಿದ್ದ ಖಾಲಿ ತಟ್ಟೆಗಳ ಕಡೆ ನೋಡಿತು. "ಬೇಕಾದಾಗ ಅಂದಿದ್ದೆನಲ್ಲ, ಈಗ ಬೇಕಾಗಿದೆ. ಕೀಳು."

ಆಗ ಕಾಲುವೆಯ ನೀರು ಬಾಯಿಬಿಟ್ಟಿತು. "ಊರೆಲ್ಲ ನಕ್ಕಾಗಲೂ ಇವಳು ನನ್ನ ದಡ ಬಿಡಲಿಲ್ಲ. ಒಂದು ತುಂಡು ದಂಟು ನನ್ನಲ್ಲಿ ಬಿಡು ಅಜ್ಜಿ. ಬೇರು ನಾನು ಬರಿಸ್ತೀನಿ."

ಅಜ್ಜಿ ಹಾಗೇ ಮಾಡಿದಳು. ಗವಿಯ ಬಾಯಲ್ಲಿ ಒಲೆ ಹೂಡಿ ನೀರು ಕುದಿಸಿದಳು. ಎಲೆಗಳನ್ನು ಅಂಗೈಯಲ್ಲಿ ಉಜ್ಜಿ ಹಾಕಿದಳು. ಕುಡಿಕೆಗಳೆಲ್ಲ ಒಡೆದವು.

"ಅವನು ಮಲಗಿದರೇನಂತೆ, ನಾನು ಹೊರ್ತೀನಿ," ಎಂದಿತು ಹಬೆ. ತಣ್ಣನೆಯ ಆ ಪರಿಮಳವನ್ನು ಬಿಸಿಬಿಸಿಯಾಗಿ ಹೊತ್ತು ಗವಿಯೊಳಗೆ ಹೋಯಿತು.

ಗಾಳಿ ಒಮ್ಮೆ ಉಸಿರೆಳೆದ. ಇನ್ನೊಮ್ಮೆ ಎಳೆದ. ಆಮೇಲೆ ಸೀನಿದ ನೋಡು, ಆ ಸೀನಿಗೇ ಕಣದ ಅರ್ಧ ಹೊಟ್ಟು ಹಾರಿಹೋಯಿತು. ಉಳಿದದ್ದನ್ನು ಮರ್ಯಾದೆಯಿಂದ ನಿಂತು ತೂರಿಕೊಟ್ಟ. ಮಕ್ಕಳ ತಟ್ಟೆಗೆ ಮುದ್ದೆ ಬಿತ್ತು.

ಅವನು ಕಾಲುವೆಯ ಹತ್ತಿರ ಬರುವಷ್ಟರಲ್ಲಿ ನೀರಲ್ಲಿದ್ದ ದಂಟಿಗೆ ಬಿಳಿ ಬೇರು, ತುದಿಗೆ ಹೊಸ ಚಿಗುರು.

"ಜಿಪುಣಿ ಅಂದುಬಿಟ್ಟೆ, ತಪ್ಪಾಯ್ತು," ಎಂದ.

"ಇದನ್ನೂ ಊರೆಲ್ಲ ಹೇಳಿ ಬಾ," ಎಂದಿತು ಪುದೀನ.

ಅದಕ್ಕೇ ಕಂದಾ, ಇವತ್ತಿಗೂ ಪುದೀನದ ಎಲೆ ಉಜ್ಜಿದರೇ ಘಮ್ಮೆನ್ನುವುದು. ಅದರ ಎಣ್ಣೆ ತೆಗೆಯುವವರು ಇವತ್ತಿಗೂ ಹಬೆಯನ್ನೇ ಕೂಲಿಗೆ ಕರೆಯುತ್ತಾರೆ. ತಲೆ ಭಾರವಾದ ದಿನ ನಿನ್ನ ಅಮ್ಮ ಕರವಸ್ತ್ರಕ್ಕೆ ಒಂದು ತೊಟ್ಟು ಹಾಕಿಕೊಂಡು, ಕಣ್ಣು ಮುಚ್ಚಿ ಉಸಿರೆಳೆಯುತ್ತಾಳಲ್ಲ, ಅದು ಆ ಕುಡಿಕೆಗಳದ್ದೇ. ಮತ್ತೆ, ಚಟ್ನಿಗೆ ಎಲೆ ಬಿಡಿಸಿಕೊಂಡು ಅವಳು ಅಡುಗೆಮನೆ ಕಿಟಕಿಯಲ್ಲಿ ಲೋಟದ ನೀರಿಗೆ ಹಾಕಿಟ್ಟ ಬೋಳು ದಂಟನ್ನು ಹೋಗಿ ನೋಡು: ನೀರು ತಾನು ಕೊಟ್ಟ ಮಾತನ್ನು ಇನ್ನೂ ನಡೆಸಿಕೊಂಡು ಬರುತ್ತಿದೆ.