ಕಂಡವರು ಹುಗಿಯುವ ವಸ್ತು

"ಕೇಳ್ರಪ್ಪೋ ಕೇಳಿ! ಕಲ್ಲುಕೋಟೆಯ ದೊರೆ ಮಶಾಮರ ಅಪ್ಪಣೆ. ರಾಜಕುಮಾರಿ ರುನಾಕೊ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿದವನು ಅವಳ ಗಂಡ, ಚಿನ್ನದ ಗಣಿಗಳಿಗೆಲ್ಲ ಮೇಲಾಳು. ಒಂದು ತಪ್ಪಿದರೂ ತಲೆ ಉಳಿಯದು!"

ಆಫ್ರಿಕಾದ ದಕ್ಷಿಣದಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕೋಟೆ ಕಟ್ಟುತ್ತಿದ್ದ ಕಾಲ ಅದು. ಅಲ್ಲಿಯ ಚಿನ್ನ ಕಾಡು ದಾಟಿ ಕಡಲಿಗೆ ಹೋಗುತ್ತಿತ್ತು. ಕಡಲಿನಿಂದ ಗಾಜಿನ ಮಣಿ ಬರುತ್ತಿತ್ತು, ನಮ್ಮ ದೇಶದ ಹತ್ತಿಬಟ್ಟೆಯೂ ಬರುತ್ತಿತ್ತು. ಇನ್ನು ತಲೆ ಹೋಗುವ ಮಾತು ರಾಜಕುಮಾರಿಯದಲ್ಲ, ದೊರೆಯದು. ತಾಯಿಯಿಲ್ಲದ ಒಬ್ಬಳೇ ಮಗಳು, ಹಾದಿಯಲ್ಲಿ ಹೋಗುವವರೆಲ್ಲ ಬಂದು ಬಾಗಿಲು ತಟ್ಟಬಾರದಲ್ಲ.

ಹಾದಿಯಲ್ಲಿ ಹೋಗುವವನೇ ಒಬ್ಬ ಬಂದ. ಗಣಿಯ ಹಳ್ಳಿಯ ಚೆಂಜಿರ, ಕಲ್ಲು ಕುಟ್ಟಿ, ಮರದ ತಟ್ಟೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುವವನು. ಹೋದ ಬೇಸಿಗೆ ಪುಡಿ ಒಪ್ಪಿಸಲು ಅರಮನೆಗೆ ಬಂದಾಗ ರಾಜಕುಮಾರಿ ಅವನ ಒಡೆದ ಕೈ ನೋಡಿ, "ಎಣ್ಣೆ ಹಚ್ಚಿಕೋ" ಎಂದಿದ್ದಳು. ಅಷ್ಟಕ್ಕೇ ಹುಡುಗ ಮರುಳಾಗಿದ್ದ.

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬೇಡ ಮಗಾ," ಎಂದು ತಾಯಿ ಬೇಡಿಕೊಂಡಳು. ಅವನು ಕೇಳಲಿಲ್ಲ. ಪ್ರಾಯದವರು ಯಾವಾಗ ಕೇಳಿದ್ದಾರೆ?

ಆಸ್ಥಾನದಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ಕಡಲತೀರದ ವರ್ತಕ, ಇನ್ನೊಬ್ಬ ಸಾವಿರ ದನಗಳ ಒಡೆಯನ ಮಗ. ರುನಾಕೊ ಮೊದಲ ಒಗಟು ಹಾಕಿದಳು.

"ಒಬ್ಬ ಜಿಪುಣ ಇದ್ದಾನೆ. ಬೈದರೂ ಕೊಡ, ಬೇಡಿದರೂ ಕೊಡ. ಬೆಂಕಿ ಉಣ್ಣಿಸಿ ಮೇಲಿಂದ ತಣ್ಣೀರು ಕುಡಿಸಿದರೆ ಎದೆ ಬಿರಿದು ಇದ್ದದ್ದನ್ನೆಲ್ಲ ಕೊಡುತ್ತಾನೆ. ಯಾರವನು?"

"ಕುಲುಮೆಯ ಕಬ್ಬಿಣ," ಎಂದ ವರ್ತಕ.

"ಕಬ್ಬಿಣ ಬಿರಿಯುವುದಿಲ್ಲ, ಗಟ್ಟಿಯಾಗುತ್ತದೆ."

ಕಾವಲಿನವರು ಅವನನ್ನು ಪಕ್ಕಕ್ಕೆ ಕೂರಿಸಿದರು. ದನದ ಒಡೆಯನ ಮಗ ಬೆವರು ಒರೆಸಿಕೊಂಡು, "ಮಡಕೆ," ಎಂದ.

"ಮಡಕೆ ಬಿರಿದರೆ ಏನು ಕೊಡುತ್ತದೆ, ಅತ್ತೆಯ ಬೈಗುಳ ಬಿಟ್ಟು?"

ಸಭೆ ನಕ್ಕಿತು. ಅವನು ಮಾತ್ರ ನಗಲಿಲ್ಲ, ಸಂಜೆಗೆ ಅವನ ತಲೆ ಹೋಗುವುದಿತ್ತು.

ಚೆಂಜಿರ ಮುಂದೆ ಬಂದು ಅಲ್ಲಿಯ ರೂಢಿಯಂತೆ ಕೈ ತಟ್ಟಿ ವಂದಿಸಿದ. "ಅದು ಗಣಿಯ ಬಂಡೆ, ರಾಜಕುಮಾರಿ. ಗುಂಡಿಯಲ್ಲಿ ಸೌದೆ ಉರಿಸಿ ಕಾಯಿಸ್ತೀವಿ, ತಣ್ಣೀರು ಹೊಯ್ತೀವಿ. ಬಿರುಕು ಬಿಟ್ಟ ಮೇಲೇ ಚಿನ್ನ."

"ಸರಿ. ಎರಡನೆಯದು. ಮೊದಲು ಮುಗಿಲಲ್ಲಿ ತೇಲುತ್ತಿತ್ತು, ಈಗ ಸೊಂಟಕ್ಕೆ ಕಟ್ಟಿಸಿಕೊಂಡು ಕಡಲಿಗೆ ಹೋಗುತ್ತದೆ. ಊದಿದರೆ ಹಾರುವಷ್ಟು ಹಗುರ, ಆದರೂ ಒಂದು ಹಿಂಡು ದನದ ಬೆಲೆ ಹೊರುತ್ತದೆ."

"ರಣಹದ್ದಿನ ಗರಿಯ ದಂಟು," ಎಂದ ಚೆಂಜಿರ. "ಒಳಗೆ ಟೊಳ್ಳು. ಅದರಲ್ಲೇ ಚಿನ್ನದ ಪುಡಿ ತುಂಬಿ ಬಾಯಿ ಮುಚ್ತೀವಿ."

ಪಕ್ಕದಲ್ಲಿ ಕೂತಿದ್ದ ವರ್ತಕ ಹಣೆ ಚಚ್ಚಿಕೊಂಡ. ಅವನ ಸೊಂಟದಲ್ಲೇ ಅಂಥ ಹನ್ನೆರಡು ಗರಿಗಳಿದ್ದವು.

ಮೂರನೆಯದನ್ನು ಹೇಳುವಾಗ ರುನಾಕೊಳ ದನಿ ತಗ್ಗಿತು. "ಹುಡುಕುವವರು ದಿನವೂ ಅಗೆಯುತ್ತಾರೆ. ಕಂಡವರು ಅದನ್ನು ಹುಗಿದು, ಮೇಲೆ ಕಲ್ಲಿಟ್ಟು, ಯಾರಿಗೂ ಹೇಳದೆ ಮನೆಗೆ ಹೋಗುತ್ತಾರೆ. ಏನದು?"

ಉತ್ತರ ಚೆಂಜಿರನ ಹಳ್ಳಿಯ ಕೂಸಿಗೂ ಗೊತ್ತು, ಹೊರಗಿನವರಿಗೆ ಮಾತ್ರ ಯಾರೂ ಹೇಳಿದವರಲ್ಲ. ಚಿನ್ನ ಮುಚ್ಚಿಟ್ಟ ಹಳ್ಳಿಯನ್ನು ಸುಡಬೇಕೆಂಬುದು ದೊರೆಯ ಕಟ್ಟಳೆ. ಹೇಳಿದರೆ ಊರು ಹೋಗುತ್ತದೆ, ಹೇಳದಿದ್ದರೆ ತನ್ನ ತಲೆ. ಅವನು ರಾಜಕುಮಾರಿಯ ಮುಖ ನೋಡಿದ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, ಹೇಳು ಎಂಬಂತೆ ತಲೆಯಾಡಿಸಿದಳು.

"ಬಂಡೆಯೊಳಗಿನ ದಪ್ಪ ಚಿನ್ನದ ಎಳೆ, ದೊರೆಗಳೇ."

ದೊರೆ ನಕ್ಕುಬಿಟ್ಟ. "ಚಿನ್ನ ಕಂಡೂ ತೆಗೆಯದೆ ಹುಗಿಯುವ ಹುಚ್ಚ ಯಾರಯ್ಯ?"

"ನಾನೇ. ನಾನೇ ಹುಗಿದಿದ್ದೀನಿ."

ನಗು ನಿಂತಿತು. ದೊರೆಯ ಕೈ ಭರ್ಜಿಗೆ ಹೋಯಿತು. "ಎಲ್ಲಿ?"

"ಒಗಟು ಏನು ಅಂತ ಕೇಳ್ತು, ಎಲ್ಲಿ ಅಂತ ಕೇಳಲಿಲ್ಲ." ಚೆಂಜಿರ ಅಲ್ಲಿಗೇ ನಿಲ್ಲಿಸಲಿಲ್ಲ. "ಒಳ್ಳೆ ಎಳೆ ಸಿಕ್ಕಿದ ಸುದ್ದಿ ನಿಮಗೆ ಮುಟ್ಟಿದರೆ ಊರಿಗೆ ಊರೇ ಗಣಿ ಕೆಲಸಕ್ಕೆ ನಿಲ್ಲಬೇಕು. ಇಕ್ಕಟ್ಟಿನ ಗುಂಡಿ, ಹೆಂಗಸರೇ ಇಳಿಯೋದು. ಮಾಗಿದ ರಾಗಿ ಹಕ್ಕಿ ಪಾಲಾಗುತ್ತೆ. ಮಳೆ ಹಿಡಿದರೂ ಬಿಡುವಿಲ್ಲ, ಮಣ್ಣು ಕುಸಿಯುತ್ತೆ. ಹೋದ ಮಳೆಗಾಲದಲ್ಲಿ ಏಳು ಜನ ಒಳಗೇ ಉಳಿದರು."

"ಅವರಲ್ಲಿ ಒಬ್ಬಳು ಮುಚಾನೆತಾ, ಅಪ್ಪಾ," ಎಂದಳು ರುನಾಕೊ. "ಈ ಒಗಟು ಅವಳು ನನಗೆ ಹೇಳಿಕೊಟ್ಟದ್ದು."

ದೊರೆಯ ಕೈ ಸಡಿಲವಾಯಿತು. ಮುಚಾನೆತಾ ಗಣಿಯ ಹಳ್ಳಿಯವಳು. ಹೆತ್ತ ತಾಯಿ ಸತ್ತಾಗ ಈ ಮಗುವಿಗೆ ಹಾಲು ಕೊಟ್ಟು ಉಳಿಸಿ, ಮಗು ಬೆಳೆದ ಮೇಲೆ ತನ್ನ ಊರಿಗೆ ಮರಳಿದವಳು. ದೊರೆ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

"ಅಕ್ಕ ಹೋದಳೇ? ನನಗೆ ಯಾಕೆ ಯಾರೂ ಹೇಳಲಿಲ್ಲ?"

"ಹೇಳಿದ್ದರೆ, ಆ ಗುಂಡಿ ಎಲ್ಲಿ ಅಂತ ಕೇಳ್ತಿದ್ದಿರಿ, ದೊರೆಗಳೇ," ಎಂದ ಚೆಂಜಿರ.

ದೊರೆ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆಂದು ಎಲ್ಲರಿಗೂ ತಿಳಿಯಿತು.

"ಹಳ್ಳಿಯ ಹೆಂಗಸರು ನನಗೆ ಗುಟ್ಟಾಗಿ ತಿಳಿಸಿದರು. ಅವರ ಕಷ್ಟ ನಾನು ಹೇಳಿದರೆ ಮಗಳ ಹಟ ಅಂತ ತಳ್ಳಿಬಿಡುತ್ತಿದ್ದಿರಿ," ಎಂದಳು ರುನಾಕೊ. "ನಿಮ್ಮೆದುರು ನಿಂತು ಹೇಳುವ ಎದೆ ಇರುವವನು ಬೇಕಾಗಿತ್ತು. ಅಂಥವನನ್ನೇ ಮದುವೆಯಾಗಬೇಕು ಅನ್ನಿಸಿತು."

ದೊರೆ ಎದ್ದು ವರ್ತಕನನ್ನೂ ದನದ ಒಡೆಯನ ಮಗನನ್ನೂ ಕಾವಲಿನಿಂದ ಬಿಡಿಸಿದ. ಹಳ್ಳಿ ಸುಡುವ ಕಟ್ಟಳೆಯನ್ನು ಅಲ್ಲೇ ತೆಗೆದುಹಾಕಿದ. ಆಮೇಲೆ ಚೆಂಜಿರನ ಹತ್ತಿರ ಬಂದು, "ಗಣಿಗಳು ಇನ್ನು ನಿನ್ನ ಕೈಲಿ, ಅಳಿಯಾ. ಹೇಗೆ ನಡೆಸುತ್ತೀಯ?" ಎಂದು ಕೇಳಿದ.

"ರಾಗಿ ಮನೆಗೆ ಬಂದ ಮೇಲೆ ಇಳಿಯೋದು, ಮೊದಲ ಮಳೆ ಬಿದ್ದ ದಿನ ಮೇಲೆ ಬರೋದು. ಇಷ್ಟೇ, ದೊರೆಗಳೇ."

"ಹಾಗೇ ಆಗಲಿ," ಎಂದ ದೊರೆ. ಎಲ್ಲಿ ಎಂದು ಮತ್ತೆ ಯಾವತ್ತೂ ಕೇಳಲಿಲ್ಲ.

ಮದುವೆ ಜೋರಾಗಿಯೇ ಆಯಿತು. ರಾಗಿಯ ಹೆಂಡ ಕುಡಿದು ಎಲ್ಲರಿಗಿಂತ ಜಾಸ್ತಿ ಕುಣಿದವನು ತಲೆ ಉಳಿಸಿಕೊಂಡ ಆ ವರ್ತಕ. ಮರುವರ್ಷ ಸುಗ್ಗಿ ಮುಗಿದ ಮೇಲೆ ಹಳ್ಳಿಯ ಹೆಂಗಸರು ತಾವಾಗಿಯೇ ಅರಮನೆಗೆ ಬಂದು, "ಬನ್ನಿ, ಜಾಗ ತೋರಿಸ್ತೀವಿ," ಎಂದರು. ಅವರ ಕಣಜ ತುಂಬಿತ್ತು, ನಮ್ಮ ಕತೆಯೂ ತುಂಬಿತು.